ಆಟಿಸಂ ಇರುವವರಿಗೆ ಕಲ್ಪನಾಶಕ್ತಿ ಇರುವುದಿಲ್ಲವೇ? ಬರವಣಿಗೆಯ ಒಳಗಿನಿಂದ ಒಂದು ಉತ್ತರ

‘ಗೇರುಸೊಪ್ಪದ ಬಗ್ಗೆ ಒಂದು ಪುಟ ಬರೆಯಿರಿ’ ಎಂದು ಶಾಲೆಯಲ್ಲಿ ಹೇಳಿದರೆ ಮಕ್ಕಳು ಏನು ಬರೆಯುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಹೊನ್ನಾವರ ತಾಲ್ಲೂಕಿನ ಊರು, ಶರಾವತಿಯ ದಂಡೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ, ನಗರಬಸ್ತಿಕೇರಿಯ ಚತುರ್ಮುಖ ಬಸದಿ, ಅಣೆಕಟ್ಟು, ಕೊನೆಗೆ ‘ಎಲ್ಲರೂ ನೋಡಲೇಬೇಕಾದ ಸ್ಥಳ’ ಎಂಬ ಸಾಲು.

ಈಗ ಇನ್ನೊಂದು ಪುಟವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ರಾಣಿಯಿಲ್ಲ, ಅಣೆಕಟ್ಟೂ ಇಲ್ಲ. ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಕಡೆಯಿಂದ ನೋಡಿದರೂ ಎದುರೇ ಕಾಣುತ್ತದೆ. ಹಾಗಾದರೆ ಈ ಕಟ್ಟಡಕ್ಕೆ ಬೆನ್ನು ಎಲ್ಲಿದೆ? ಪುಟದ ತುಂಬ ಇದೊಂದೇ ಪ್ರಶ್ನೆ.

ಮೊದಲ ಪುಟಕ್ಕೆ ಹತ್ತಕ್ಕೆ ಎಂಟು ಅಂಕ ಸಿಗುತ್ತದೆ. ಎರಡನೆಯದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬೀಳುವ ಸಾಧ್ಯತೆಯೇ ಹೆಚ್ಚು. ಈ ಎರಡನೆಯ ಪುಟ ನಾವೇ ಕಟ್ಟಿದ ಉದಾಹರಣೆ. ಆದರೆ ಆಟಿಸಂ ಇರುವ ಬರಹಗಾರರು ತಮ್ಮ ಬರವಣಿಗೆಯ ಬಗ್ಗೆ ಹೇಳಿಕೊಂಡಿರುವುದನ್ನು ಓದಿದರೆ ಇಂಥ ಪುಟಗಳೇ ನೆನಪಾಗುತ್ತವೆ. ‘ಆಟಿಸಂ ಇರುವವರಿಗೆ ಕಲ್ಪನೆ ಇರುವುದಿಲ್ಲ, ಅವರು ಲೆಕ್ಕದಲ್ಲಿ ಜಾಣರು, ಕಥೆ-ಕವಿತೆ ಅವರಿಂದ ಆಗದು’ ಎಂಬ ಮಾತನ್ನು ನಾವು ಸಾಕಷ್ಟು ಕೇಳಿದ್ದೇವೆ. ಈ ಮಾತು ಎಲ್ಲಿಂದ ಬಂತು, ಅದರಲ್ಲಿ ಎಷ್ಟು ಹುರುಳಿದೆ ಎಂದು ನೋಡೋಣ.

ಮೊದಲಿಗೆ, ಆಟಿಸಂ ಎಂದರೇನು?

ಆಟಿಸಂ ಒಂದು ಕಾಯಿಲೆಯಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ ಅದು. ಹುಟ್ಟಿನಿಂದ ಬಂದು ಜೀವನವಿಡೀ ಜೊತೆಗಿರುತ್ತದೆ. ಇತರರೊಂದಿಗೆ ಮಾತು ಮತ್ತು ಒಡನಾಟ ಬೇರೆ ಬಗೆಯಲ್ಲಿ ನಡೆಯುವುದು, ಒಂದೇ ವಿಷಯದಲ್ಲಿ ಆಳವಾದ ಆಸಕ್ತಿ, ಒಂದೇ ಕ್ರಮವನ್ನು ಮತ್ತೆ ಮತ್ತೆ ಬಯಸುವುದು, ಶಬ್ದ, ಬೆಳಕು, ಸ್ಪರ್ಶಗಳನ್ನು ಅತಿಯಾಗಿ ಅಥವಾ ಅತಿ ಕಡಿಮೆಯಾಗಿ ಗ್ರಹಿಸುವುದು ಇದರ ಮುಖ್ಯ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಇವರಲ್ಲಿ ಕೆಲವರು ಸರಾಗವಾಗಿ ಮಾತನಾಡುತ್ತಾರೆ, ಕೆಲವರು ಮಾತೇ ಆಡುವುದಿಲ್ಲ. ಕೆಲವರಿಗೆ ಬೌದ್ಧಿಕ ಅಸಾಮರ್ಥ್ಯವೂ ಇರುತ್ತದೆ, ಹಲವರಿಗೆ ಇರುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ‘ಸ್ವಲೀನತೆ’ ಎಂಬ ಪದ ಬಳಕೆಯಲ್ಲಿದೆ: ತನ್ನಲ್ಲೇ ಲೀನವಾಗಿರುವುದು. ಸ್ವಿಸ್ ಮನೋವೈದ್ಯ ಆಯ್ಗನ್ ಬ್ಲಾಯ್ಲರ್ ಸುಮಾರು 1910ರ ಹೊತ್ತಿಗೆ ಗ್ರೀಕ್‌ನ ‘ಆಟೋಸ್’, ಅಂದರೆ ‘ಸ್ವ’ ಎಂಬ ಪದದಿಂದ ‘ಆಟಿಸಂ’ ಎಂಬ ಹೆಸರು ಕಟ್ಟಿದರು. ಅವರು ಹಾಗೆ ಕರೆದದ್ದು ಸ್ಕಿಜೋಫ್ರೇನಿಯಾದ ಒಂದು ಲಕ್ಷಣವನ್ನು. ಆ ಹೆಸರು ಮುಂದೆ ಈ ಮಕ್ಕಳಿಗೆ ಅಂಟಿಕೊಂಡಿತು. ಹೊರಗಿನಿಂದ ನೋಡಿದವರು ಕೊಟ್ಟ ಹೆಸರು ಇದು ಎಂಬುದನ್ನು ನೆನಪಿಡಿ.

‘ಕಲ್ಪನೆ ಇಲ್ಲ’ ಎಂಬ ಮಾತು ಹುಟ್ಟಿದ್ದು ಹೇಗೆ?

1979ರಲ್ಲಿ ಬ್ರಿಟನ್ನಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೌಲ್ಡ್ ಲಂಡನ್ನಿನ ಒಂದು ಭಾಗದ ಮಕ್ಕಳನ್ನು ಅಧ್ಯಯನ ಮಾಡಿ ಮಹತ್ವದ ಪ್ರಬಂಧ ಪ್ರಕಟಿಸಿದರು. ಸಾಮಾಜಿಕ ಒಡನಾಟ, ಸಂವಹನ, ಕಲ್ಪನೆಯ ಆಟ, ಈ ಮೂರರಲ್ಲಿನ ತೊಡಕುಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ ಎಂದು ಅವರು ತೋರಿಸಿದರು. ಆಟಿಸಂ ಅನ್ನು ಹೆಚ್ಚು ಮಕ್ಕಳಲ್ಲಿ ಗುರುತಿಸಲು ಇದರಿಂದ ನೆರವಾಯಿತು. ಆದರೆ ‘ಕಲ್ಪನೆ’ ಎಂದರೆ ಅವರು ನೋಡಿದ್ದು ಮುಖ್ಯವಾಗಿ ‘ಸುಳ್ಳುಸುಳ್ಳೇ’ ಆಟವನ್ನು: ಗೊಂಬೆಗೆ ಊಟ ಮಾಡಿಸುವುದು, ತೆಂಗಿನ ಗರಟೆಯಲ್ಲಿ ಅಡುಗೆ ಮಾಡುವಂಥ ಆಟ. ಹಾಗೆ ಆಡದ ಮಗು ಮುಂದೆ ಕಥೆ ಕಟ್ಟಲಾರದು ಎಂಬುದು ಜನ ತಾವಾಗಿ ಸೇರಿಸಿಕೊಂಡ ತೀರ್ಮಾನ.

ನಂತರದ ಕೆಲವು ಪ್ರಯೋಗಗಳು ಈ ತೀರ್ಮಾನಕ್ಕೆ ಬಲ ಕೊಟ್ಟವು. ಒಂದು ವಸ್ತುವಿಗೆ ಎಷ್ಟು ಉಪಯೋಗ ಹೇಳಬಲ್ಲೆ ಎಂದು ಕೇಳಿದರೆ, ಆಟಿಸಂ ಇರುವ ಮಕ್ಕಳು ಕೊಟ್ಟ ಉತ್ತರಗಳ ಸಂಖ್ಯೆ ಕಡಿಮೆ ಇತ್ತು. ಆದರೆ 2015ರಲ್ಲಿ ಬ್ರಿಟನ್ನಿನ ಸಂಶೋಧಕರು 312 ಜನರ ಮೇಲೆ ಇಂಥದೇ ಅಧ್ಯಯನ ನಡೆಸಿದಾಗ ಇನ್ನೊಂದು ಮಗ್ಗುಲು ಕಂಡಿತು. ಪೇಪರ್ ಕ್ಲಿಪ್ಪಿನಿಂದ ಏನೇನು ಮಾಡಬಹುದು ಎಂದರೆ ಹೆಚ್ಚಿನವರು ಮೊದಲು ಕೊಕ್ಕೆ, ಪಿನ್ನು ಎಂದು ಸುಲಭದ ಉತ್ತರ ಹೇಳಿ, ಆಮೇಲೆ ಅಪರೂಪದ್ದಕ್ಕೆ ಹೋಗುತ್ತಾರೆ. ಆಟಿಸಂನ ಗುಣಗಳು ಹೆಚ್ಚಿರುವವರು ಕಡಿಮೆ ಉತ್ತರ ಕೊಟ್ಟರು. ಆದರೆ ಅವುಗಳಲ್ಲಿ ಅಪರೂಪದ ಉತ್ತರಗಳು ಹೆಚ್ಚಿದ್ದವು. ಕಾಗದದ ವಿಮಾನದ ಮೂತಿಗೆ ಭಾರ ಕೊಡಲು ಬಳಸಬಹುದು ಎಂಬಂಥವು. ಸಂಖ್ಯೆ ಎಣಿಸಿದರೆ ಅವರು ಹಿಂದೆ; ಹೊಸತನ ನೋಡಿದರೆ ಮುಂದೆ. ಇದೊಂದೇ ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಆದರೆ ಯಾವುದನ್ನು ಅಳೆಯುತ್ತೇವೆ ಎಂಬುದರ ಮೇಲೆ ‘ಕಲ್ಪನೆ ಇದೆ’, ‘ಇಲ್ಲ’ ಎಂಬುದು ಬದಲಾಗುತ್ತದೆ ಎಂಬುದಂತೂ ಸ್ಪಷ್ಟ.

ಅರ್ಥವಿಲ್ಲದ ಮಾತೇ, ರೂಪಕವೇ?

ಆಟಿಸಂ ಇರುವ ಹಲವು ಮಕ್ಕಳು ಕೇಳಿದ ಮಾತನ್ನೇ ಮರಳಿ ಹೇಳುತ್ತಾರೆ. ಟಿವಿ ಜಾಹೀರಾತಿನ ಸಾಲು, ಬಸ್ ನಿಲ್ದಾಣದ ಘೋಷಣೆ, ಅಜ್ಜಿ ಬೈದ ಮಾತು. ಇದಕ್ಕೆ ಎಕೋಲಾಲಿಯಾ ಎನ್ನುತ್ತಾರೆ. ‘ಗಿಳಿಪಾಠ’ ಎಂದು ನಾವು ತಳ್ಳಿಹಾಕುವುದು ಇದನ್ನೇ.

1943ರಲ್ಲಿ 11 ಮಕ್ಕಳನ್ನು ವಿವರಿಸಿ ಆಟಿಸಂ ಕುರಿತು ಪ್ರಸಿದ್ಧ ಪ್ರಬಂಧ ಬರೆದ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್, ಮೂರು ವರ್ಷಗಳ ನಂತರ ಈ ಮಾತುಗಳ ಬಗ್ಗೆಯೇ ಇನ್ನೊಂದು ಪ್ರಬಂಧ ಬರೆದರು. ಅವರು ನೋಡಿದ ಒಬ್ಬ ಹುಡುಗ ಬಾಣಲೆಯಂಥ ಪಾತ್ರೆ ಕಂಡಾಗಲೆಲ್ಲ ‘ತಿನ್ನುವ ಪೀಟರ್’ ಎಂಬರ್ಥದ ಮಾತು ಹೇಳುತ್ತಿದ್ದ. ಅರ್ಥವಿಲ್ಲದ ಮಾತು ಎನ್ನಿಸುತ್ತದೆ, ಅಲ್ಲವೇ? ವಿಚಾರಿಸಿದಾಗ ತಿಳಿದದ್ದು: ಅವನಿಗೆ ಎರಡು ವರ್ಷವಿದ್ದಾಗ ತಾಯಿ ಅಡುಗೆ ಮನೆಯಲ್ಲಿ ಪೀಟರ್ ಎಂಬವನ ಶಿಶುಗೀತೆ ಹೇಳುತ್ತಿದ್ದಾಗ ಕೈಯಿಂದ ಪಾತ್ರೆ ಜಾರಿ ಬಿದ್ದಿತ್ತು. ಅಂದಿನಿಂದ ಪಾತ್ರೆಗೂ ಆ ಪದ್ಯಕ್ಕೂ ಗಂಟು ಬಿದ್ದಿತ್ತು. ಕ್ಯಾನರ್ ಇದನ್ನು ರೂಪಕ ಎಂದೇ ಕರೆದರು. ಕವಿ ಮಾಡುವುದೂ ಇದನ್ನೇ, ಒಂದನ್ನು ಇನ್ನೊಂದರ ಹೆಸರಿನಿಂದ ಕರೆಯುವುದು. ಕವಿ ತನ್ನ ಓದುಗರಿಗೆ ಆ ಗಂಟನ್ನು ಬಿಡಿಸಲು ದಾರಿ ಕೊಡುತ್ತಾನೆ. ಈ ಹುಡುಗನ ಗಂಟು ಬಿಡಿಸಲು ಆ ದಿನ ಅಡುಗೆಮನೆಯಲ್ಲಿ ಇದ್ದವರೇ ಬೇಕು.

ನಮ್ಮ ಕರಾವಳಿಯವರಿಗೆ ಇದನ್ನು ತಾಳಮದ್ದಳೆಯ ಮೂಲಕ ವಿವರಿಸಬಹುದು. ಅಲ್ಲಿ ಭಾಗವತರು ಹಾಡುವ ಪದ್ಯ ಮೊದಲೇ ಸಿದ್ಧವಾಗಿರುತ್ತದೆ. ಅರ್ಥಧಾರಿ ಆ ಪದ್ಯವನ್ನು ಬುಡವಾಗಿಟ್ಟುಕೊಂಡು ತನ್ನ ಮಾತನ್ನು ಅಲ್ಲೇ ಕಟ್ಟುತ್ತಾನೆ. ಪದ್ಯ ಎರವಲು, ಅರ್ಥ ಸ್ವಂತ. ಹೀಗಿರುವಾಗ ಅರ್ಥಧಾರಿಗೆ ಸೃಜನಶೀಲತೆ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಮಾತನ್ನು ಇಡೀ ತುಂಡುಗಳಾಗಿ ಹಿಡಿದಿಟ್ಟುಕೊಂಡು, ಆಮೇಲೆ ಬಿಡಿಸಿ ಜೋಡಿಸಿ ಬಳಸುವುದು ಭಾಷೆ ಕಲಿಯುವ ಒಂದು ದಾರಿಯಾಗಿರಬಹುದು ಎಂದು ಹಲವು ಭಾಷಾತಜ್ಞರು ಹೇಳುತ್ತಾರೆ. ಎಲ್ಲ ಮಕ್ಕಳ ಎಲ್ಲ ಮರುನುಡಿಯೂ ಕವಿತೆಯಾಗುವುದಿಲ್ಲ. ಆದರೆ ‘ಇದು ಎಲ್ಲಿಂದ ಬಂತು?’ ಎಂದು ಕೇಳುವ ಮೊದಲೇ ‘ಅರ್ಥವಿಲ್ಲ’ ಎನ್ನುವುದು ಅವಸರದ ತೀರ್ಪು.

ಬೆಂಗಳೂರಿನಲ್ಲಿ ಬರೆದ ಒಬ್ಬ ಹುಡುಗ

ಈ ಚರ್ಚೆಗೆ ನಮ್ಮ ರಾಜ್ಯಕ್ಕೇ ಸಂಬಂಧಿಸಿದ ಒಂದು ಉದಾಹರಣೆ ಇದೆ. ಟಿಟೊ ರಾಜರ್ಷಿ ಮುಖೋಪಾಧ್ಯಾಯ 1989ರಲ್ಲಿ ಭಾರತದಲ್ಲಿ ಹುಟ್ಟಿದವರು. ಬಾಲ್ಯದ ಕೆಲವು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ತೀವ್ರ ಆಟಿಸಂ, ಬಾಯಿಂದ ಬರುವ ಮಾತು ತೀರಾ ಕಡಿಮೆ, ಅದೂ ಅಸ್ಪಷ್ಟ. ತಾಯಿ ಸೋಮಾ ರಸಾಯನಶಾಸ್ತ್ರ ಓದಿದವರು. ಅವರು ಮಗನಿಗೆ ಪುಸ್ತಕಗಳನ್ನು ಓದಿ ಹೇಳಿದರು, ಅಕ್ಷರದ ಹಲಗೆಯಲ್ಲಿ ಬೆರಳಿಟ್ಟು ತೋರಿಸಲು ಕಲಿಸಿದರು, ಬೆರಳುಗಳಲ್ಲಿ ಹಿಡಿತ ನಿಲ್ಲದಿದ್ದಾಗ ಪೆನ್ಸಿಲ್ಲನ್ನು ಕೈಗೆ ಕಟ್ಟಿ ಬರೆಯಲು ಅಭ್ಯಾಸ ಮಾಡಿಸಿದರು.

ಟಿಟೊ ಇಂಗ್ಲಿಷಿನಲ್ಲಿ ಬರೆದ ಮೊದಲ ಪುಸ್ತಕ ‘ಬಿಯಾಂಡ್ ದ ಸೈಲೆನ್ಸ್’ 2000ರಲ್ಲಿ ಹೊರಬಂದಾಗ ಅವರಿನ್ನೂ ಬಾಲಕ. ಪ್ರಕಟಿಸಿದ್ದು ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ. ಕಲ್ಪನೆಯ ಕೊರತೆಯನ್ನು ಆಟಿಸಂನ ಮೂರು ಲಕ್ಷಣಗಳಲ್ಲಿ ಒಂದೆಂದು ಗುರುತಿಸಿದ ಲೋರ್ನಾ ವಿಂಗ್ ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು. ಅದೇ ಸಂಸ್ಥೆ ಮಾತಿಲ್ಲದ ಒಬ್ಬ ಹುಡುಗನ ಕಲ್ಪನೆಯನ್ನು ಪುಸ್ತಕವಾಗಿ ಜಗತ್ತಿಗೆ ಕೊಟ್ಟಿತು. 2003ರಲ್ಲಿ ಆ ಪುಸ್ತಕ ಅಮೆರಿಕದಲ್ಲಿ ‘ದ ಮೈಂಡ್ ಟ್ರೀ’ ಎಂಬ ಹೆಸರಿನಲ್ಲಿ ಬಂತು. 2008ರಲ್ಲಿ ಬಂದ ‘ಹೌ ಕ್ಯಾನ್ ಐ ಟಾಕ್ ಇಫ್ ಮೈ ಲಿಪ್ಸ್ ಡೋಂಟ್ ಮೂವ್’ ಅವರ ಇನ್ನೊಂದು ಮುಖ್ಯ ಕೃತಿ.

ಈ ಬರಹಗಳಲ್ಲಿ ಅವರು ತಮ್ಮ ಬರವಣಿಗೆಯ ಬೇರುಗಳನ್ನು ತೋರಿಸುತ್ತಾರೆ. ಮೊದಲ ಪುಸ್ತಕದಲ್ಲಿ ತಮ್ಮ ಬಗ್ಗೆಯೇ ‘ಆ ಹುಡುಗ’ ಎಂದು ದೂರ ನಿಂತು ಬರೆಯುತ್ತಾರೆ. ದೇಹ ಚದುರಿಹೋದಂತೆ ಅನ್ನಿಸುವುದು, ಅದನ್ನು ಒಟ್ಟುಗೂಡಿಸಿಕೊಳ್ಳಲು ಕೈ ಬಡಿಯುವುದು, ನೋಡುವುದು ಮತ್ತು ಕೇಳುವುದು ಒಟ್ಟಿಗೆ ಆಗದಿರುವುದು, ಇವೆಲ್ಲ ಅವರ ವಸ್ತು. ಮನೆಯ ಕನ್ನಡಿ ಅವರಿಗೆ ಕಥೆ ಹುಟ್ಟುವ ಜಾಗ. ನಮಗೆ ‘ಸುಮ್ಮನೆ ಕನ್ನಡಿ ನೋಡುತ್ತಾ ನಿಂತ ಹುಡುಗ’ ಕಾಣುತ್ತಾನೆ. ಒಳಗೆ ನಡೆಯುತ್ತಿದ್ದದ್ದು ಬೇರೆ.

2001ರಲ್ಲಿ ತಾಯಿ-ಮಗ ಅಮೆರಿಕಕ್ಕೆ ಹೋದರು. ಅಲ್ಲಿನ ಸಾಹಿತ್ಯದ ಅಧ್ಯಾಪಕ ರಾಲ್ಫ್ ಸವರೀಸ್, ಟಿಟೊ ಅವರೊಂದಿಗೆ ಮೆಲ್ವಿಲ್ ಬರೆದ ‘ಮೋಬಿ ಡಿಕ್’ ಎಂಬ ದೊಡ್ಡ ಕಾದಂಬರಿಯನ್ನು ಅಧ್ಯಾಯ ಅಧ್ಯಾಯವಾಗಿ ಸ್ಕೈಪ್ ಮೂಲಕ ಓದಿದರು. ಆ ಅನುಭವವನ್ನು 2018ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ಬರೆದದ್ದು ಯಾರು? ಕೇಳಲೇಬೇಕಾದ ಪ್ರಶ್ನೆ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೋಮಾ ತಮ್ಮ ಕಲಿಸುವ ರೀತಿಗೆ ‘ರ‍್ಯಾಪಿಡ್ ಪ್ರಾಂಪ್ಟಿಂಗ್ ಮೆಥಡ್’ ಎಂದು ಹೆಸರಿಟ್ಟು ಇತರ ಮಕ್ಕಳಿಗೂ ಬಳಸಿದರು. ಇದರಲ್ಲಿ ಸಾಮಾನ್ಯವಾಗಿ ಅಕ್ಷರದ ಹಲಗೆಯನ್ನು ಇನ್ನೊಬ್ಬರು ಹಿಡಿದಿರುತ್ತಾರೆ, ಪದೇ ಪದೇ ಸೂಚನೆ ಕೊಡುತ್ತಿರುತ್ತಾರೆ. ಹಾಗಾಗಿ ಬಂದ ಮಾತು ಮಗುವಿನದೋ, ಹಲಗೆ ಹಿಡಿದವರದೋ ಎಂಬ ಅನುಮಾನ ಸಹಜ. 1990ರ ದಶಕದಲ್ಲಿ ಕೈ ಹಿಡಿದು ಟೈಪ್ ಮಾಡಿಸುವ ‘ಫೆಸಿಲಿಟೇಟೆಡ್ ಕಮ್ಯುನಿಕೇಶನ್’ ಎಂಬ ಪದ್ಧತಿಯನ್ನು ಪರೀಕ್ಷಿಸಿದಾಗ, ಸಹಾಯಕರೇ ತಮಗರಿವಿಲ್ಲದೆ ಉತ್ತರ ಬರೆಸುತ್ತಿದ್ದುದು ಸಾಬೀತಾಗಿತ್ತು. ಮಗುವಿಗೆ ಒಂದು ಚಿತ್ರ, ಸಹಾಯಕರಿಗೆ ಇನ್ನೊಂದು ಚಿತ್ರ ತೋರಿಸಿದರೆ, ಟೈಪ್ ಆಗುತ್ತಿದ್ದದ್ದು ಸಹಾಯಕರು ನೋಡಿದ ಚಿತ್ರದ ಹೆಸರು. 2018ರಲ್ಲಿ ಅಮೆರಿಕದ ವಾಕ್-ಭಾಷಾ ತಜ್ಞರ ಸಂಘವು ರ‍್ಯಾಪಿಡ್ ಪ್ರಾಂಪ್ಟಿಂಗ್ ಪದ್ಧತಿಗೂ ವೈಜ್ಞಾನಿಕ ಆಧಾರವಿಲ್ಲ, ಅದನ್ನು ಶಿಫಾರಸು ಮಾಡುವುದಿಲ್ಲ ಎಂದು ಹೇಳಿತು.

ಟಿಟೊ ಅವರ ವಿಷಯದಲ್ಲಿ ಮುಖ್ಯ ವ್ಯತ್ಯಾಸವೆಂದರೆ ಅವರು ಕೈಯಿಂದ ತಾವೇ ಬರೆಯಲು ಕಲಿತರು. ತಾಯಿ ಪಕ್ಕದಲ್ಲಿ ಕೂತು ಎಚ್ಚರಿಸುತ್ತಿದ್ದರೂ ಯಾರೂ ಕೈ ಹಿಡಿಯದೆ ಅವರು ಬರೆಯುವುದನ್ನು ಪತ್ರಕರ್ತರೂ ವಿಜ್ಞಾನಿಗಳೂ ಕಂಡಿದ್ದಾರೆ. ಒಬ್ಬರಿಗೆ ಇದು ಸಾಧ್ಯವಾಯಿತು ಎಂಬುದರಿಂದ ಆ ಪದ್ಧತಿ ಎಲ್ಲರಿಗೂ ಕೆಲಸ ಮಾಡುತ್ತದೆ ಎಂದಾಗುವುದಿಲ್ಲ. ಆ ಪದ್ಧತಿಗೆ ಆಧಾರವಿಲ್ಲ ಎಂಬುದರಿಂದ ಮಾತಿಲ್ಲದವರಿಗೆ ಒಳಗೆ ಏನೂ ಇಲ್ಲ ಎಂದೂ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು. ನಿಮ್ಮ ಮನೆಯಲ್ಲಿ ಮಾತು ಬಾರದ ಮಗು ಇದ್ದರೆ, ಚಿತ್ರ ಮುಟ್ಟಿದರೆ ಮಾತು ಕೇಳಿಸುವ ಆ್ಯಪ್‌ಗಳಂಥ, ಮಗು ತಾನೇ ಬಳಸಬಹುದಾದ ಸಾಧನಗಳ ಬಗ್ಗೆ ವಾಕ್-ಭಾಷಾ ತಜ್ಞರನ್ನು ಕೇಳಿ. ಚೆನ್ನೈನಲ್ಲಿ ರೂಪುಗೊಂಡ ‘ಆವಾಜ್’, ಐಐಟಿ ಬಾಂಬೆಯ ‘ಜೆಲ್ಲೋ’ ಇಂಥವು. ಯಾವುದೇ ವಿಧಾನವಿರಲಿ, ಕೇಳಬೇಕಾದದ್ದು ಒಂದೇ: ಪಕ್ಕದವರು ಎದ್ದು ಹೋದರೂ ಮಗು ಹೇಳಬಲ್ಲದೇ?

ಹಾಗಾದರೆ ಆಟಿಸಂ ಬರವಣಿಗೆಯನ್ನು ಹೇಗೆ ರೂಪಿಸುತ್ತದೆ?

ಒಂದು, ಗಮನ. ಆಟಿಸಂ ಇರುವವರ ಗಮನ ಒಂದು ಹೊತ್ತಿಗೆ ಕೆಲವೇ ವಿಷಯಗಳಲ್ಲಿ, ಆದರೆ ತುಂಬ ಆಳವಾಗಿ ಇಳಿಯುತ್ತದೆ ಎಂದು ಡೈನಾ ಮರ‍್ರೇ ಮತ್ತು ಸಂಗಡಿಗರು 2005ರಲ್ಲಿ ವಿವರಿಸಿದರು. ಬರಹಗಾರರಿಗೆ ಇದು ವರ, ತೊಂದರೆ ಎರಡೂ. ಹಿಡಿದ ವಿಷಯವನ್ನು ತಳದವರೆಗೂ ಶೋಧಿಸಬಹುದು. ಆದರೆ ನಡುವೆ ಯಾರೋ ‘ಚಾ ಕುಡಿಯಲು ಬಾ’ ಎಂದು ಕರೆದರೆ ಎದ್ದು ಬಂದು, ಮತ್ತೆ ಅಲ್ಲಿಗೇ ಇಳಿಯುವುದು ಕಷ್ಟ.

ಎರಡು, ಇಂದ್ರಿಯ. ಟ್ಯೂಬ್‌ಲೈಟಿನ ಗುಂಯ್ ಸದ್ದು ಹೆಚ್ಚಿನವರಿಗೆ ಕೇಳಿಸುವುದೇ ಇಲ್ಲ. ಅದು ಸದಾ ಕೇಳಿಸುತ್ತಲೇ ಇರುವವರು ಕೋಣೆಯನ್ನು ವರ್ಣಿಸಿದರೆ, ಕಿಟಕಿಗಿಂತ ಮೊದಲು ಆ ಸದ್ದು ಬರುತ್ತದೆ. ಇದು ಅಲಂಕಾರಕ್ಕಾಗಿ ಸೇರಿಸಿದ ವಿವರವಲ್ಲ, ಕೋಣೆ ಅವರಿಗೆ ಇರುವುದೇ ಹಾಗೆ.

ಮೂರು, ಭಾವನೆಗೆ ಹೆಸರು. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮ್ಮ ಭಾವನೆಯನ್ನು ಗುರುತಿಸಿ ಹೆಸರಿಸುವುದು ಕಷ್ಟ ಎಂದು ಅಧ್ಯಯನಗಳ ಸಮೀಕ್ಷೆಯೊಂದು ಹೇಳುತ್ತದೆ. ಭಾವನೆ ಇಲ್ಲ ಎಂದಲ್ಲ. ‘ದುಃಖವಾಯಿತು’ ಎಂಬ ಸಿದ್ಧ ಪದ ಕೈಗೆ ಸಿಗುವುದಿಲ್ಲ. ಆಗ ಎದೆಯ ಭಾರವನ್ನು, ಗೋಡೆಯ ಬಣ್ಣವನ್ನು ಬರೆಯಬೇಕಾಗುತ್ತದೆ. ಬರವಣಿಗೆ ಕಲಿಸುವ ಮೇಷ್ಟ್ರುಗಳು ಎಲ್ಲರಿಗೂ ಹೇಳುವ ಪಾಠವೇ ಇದು.

ನಾಲ್ಕು, ಸಮಯ. ಎದುರುಬದುರು ಮಾತಿನಲ್ಲಿ ಮುಖ ನೋಡಬೇಕು, ದನಿ ಗಮನಿಸಬೇಕು, ತಕ್ಷಣ ಉತ್ತರಿಸಬೇಕು. ಬರಹದಲ್ಲಿ ಈ ಅವಸರವಿಲ್ಲ, ತಿದ್ದಬಹುದು, ತಡಮಾಡಬಹುದು. ಹಾಗೆಂದು ಬರಹ ಸುಲಭವೆಂದಲ್ಲ. ಒಂದೇ ಸಾಲನ್ನು ಸರಿಯಾಗುವವರೆಗೆ ಬಿಡಲಾಗದೆ ಅಲ್ಲೇ ಸಿಕ್ಕಿಹಾಕಿಕೊಳ್ಳುವವರೂ ಇದ್ದಾರೆ.

ಆದರೆ ಇವು ಎಲ್ಲರಿಗೂ ಅನ್ವಯಿಸುವ ಸೂತ್ರಗಳಲ್ಲ. ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ 1995ರಲ್ಲಿ ‘ಥಿಂಕಿಂಗ್ ಇನ್ ಪಿಕ್ಚರ್ಸ್’ ಬರೆದಾಗ, ಆಟಿಸಂ ಇರುವ ಎಲ್ಲರೂ ತಮ್ಮಂತೆ ಚಿತ್ರಗಳಲ್ಲೇ ಯೋಚಿಸುತ್ತಾರೆ ಎಂದುಕೊಂಡಿದ್ದರು. ಅದು ತಪ್ಪು, ಮಾದರಿಗಳಲ್ಲಿ ಮತ್ತು ಪದಗಳಲ್ಲಿ ಯೋಚಿಸುವವರೂ ಇದ್ದಾರೆ ಎಂದು ಆಮೇಲೆ ಅವರೇ ತಿದ್ದಿಕೊಂಡರು.

‘ಎಲ್ಲರೂ ಪ್ರತಿಭಾವಂತರು’ ಎಂಬುದೂ ಮಿಥ್ಯೆಯೇ

ಒಂದು ತಪ್ಪು ತಿಳಿವಳಿಕೆಯನ್ನು ಕಳೆಯಲು ಹೋಗಿ ಇನ್ನೊಂದನ್ನು ತರಬಾರದು. ಆಟಿಸಂ ಇದ್ದರೆ ಒಳಗೊಬ್ಬ ಮಹಾಕವಿ ಅಡಗಿರುತ್ತಾನೆ ಎಂಬುದೂ ಸುಳ್ಳು. ಉಳಿದವರಲ್ಲಿ ಹೇಗೋ ಇವರಲ್ಲೂ ಹಾಗೆಯೇ ಬರೆಯುವವರು ಕೆಲವರು, ಬರೆಯದವರು ಹಲವರು. ಮಗುವನ್ನು ಮಗುವಾಗಿ ಒಪ್ಪಿಕೊಳ್ಳಲು ಅದು ಪುಸ್ತಕ ಬರೆಯಬೇಕಾಗಿಲ್ಲ. ಹಾಗೆಯೇ, ಒಂಟಿಯಾಗಿರುತ್ತಿದ್ದ, ಜನರೊಂದಿಗೆ ಬೆರೆಯದಿದ್ದ ಹಳೆಯ ಸಾಹಿತಿಗಳಿಗೆಲ್ಲ ‘ಅವರಿಗೂ ಆಟಿಸಂ ಇತ್ತು’ ಎಂದು ಹಣೆಪಟ್ಟಿ ಕಟ್ಟುವ ಚಾಳಿಯೂ ಬೇಡ. ತಪಾಸಣೆಗೆ ವ್ಯಕ್ತಿ ಎದುರಿಗಿರಬೇಕು, ಬಾಲ್ಯದ ವಿವರ ಬೇಕು. ಜೀವನಚರಿತ್ರೆಯ ನಾಲ್ಕು ಪ್ರಸಂಗಗಳಿಂದ ಅದು ಆಗುವುದಿಲ್ಲ.

ತೊಡಕು ಯಾವ ಕಡೆಯಲ್ಲಿದೆ?

ನಾವು ಸಂವಹನ ವಿಷಯ ಓದಿದವರು. ಸಂವಹನಕ್ಕೆ ಇಬ್ಬರು ಬೇಕು ಎಂಬುದು ಅಲ್ಲಿನ ಮೊದಲ ಪಾಠ. 2012ರಲ್ಲಿ, ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ ಅದನ್ನೇ ನೆನಪಿಸಿದರು: ಅವರಿಗೆ ನಾವು ಅರ್ಥವಾಗದಿದ್ದರೆ, ನಮಗೂ ಅವರು ಅರ್ಥವಾಗುತ್ತಿಲ್ಲ. ಕೊರತೆಯನ್ನು ಒಬ್ಬರ ತಲೆಗೇ ಕಟ್ಟುವುದೇಕೆ? 2020ರ ಒಂದು ಪ್ರಯೋಗದಲ್ಲಿ ಎಂಟೆಂಟು ಜನರ ಸಾಲು ಮಾಡಿ, ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲಾಯಿತು. ಆಟಿಸಂ ಇರುವವರಷ್ಟೇ ಇದ್ದ ಸಾಲಿನಲ್ಲಿ ಕಥೆ, ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಸೋರಿಹೋದದ್ದು ಇಬ್ಬರೂ ಬೆರೆತ ಸಾಲಿನಲ್ಲಿ. ನಂತರ ನಡೆದ ಇನ್ನೂ ದೊಡ್ಡ ಅಧ್ಯಯನದಲ್ಲಿ ಬೆರೆತ ಸಾಲೂ ಹಿಂದೆ ಬೀಳಲಿಲ್ಲ. ಹೇಗೆ ನೋಡಿದರೂ, ಆಟಿಸಂ ಇರುವವರಿಗೆ ಕಥೆ ದಾಟಿಸಲು ಬರುವುದಿಲ್ಲ ಎಂಬುದಕ್ಕೆ ಇಲ್ಲಿ ಆಧಾರ ಸಿಗಲಿಲ್ಲ.

ಶಾಲೆಯ ಪ್ರಬಂಧಕ್ಕೆ ಇದರಿಂದ ಏನು ಪಾಠ? ‘ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ’ ಎಂಬ ಚೌಕಟ್ಟಿಗೆ ಬರಲಾಗದ ಮಗುವಿಗೆ ಮೊದಲು ತಾನು ಕಂಡದ್ದನ್ನು ಬರೆಯಲು ಬಿಡಬಹುದು, ಚೌಕಟ್ಟು ಆಮೇಲೆ ಕಲಿಸಬಹುದು. ಕೈಬರಹವೇ ಕಷ್ಟವಾದರೆ ಟೈಪ್ ಮಾಡಲು ಬಿಡಬಹುದು. ‘ನಿನ್ನ ರಜಾದಿನಗಳು’ ಎಂಬ ವಿಶಾಲ ವಿಷಯದ ಬದಲು ‘ರಜೆಯಲ್ಲಿ ಕೇಳಿದ ಒಂದು ಸದ್ದು’ ಎಂದು ಕೊಡಬಹುದು. ಇವಕ್ಕೆ ಖರ್ಚಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಹಾಗಾಗಿ ಕಲಿಕೆಯಲ್ಲಿ ತಕ್ಕ ಅನುಕೂಲ ಕೇಳುವುದು ಮಗುವಿನ ಹಕ್ಕು, ಶಾಲೆಯ ಔದಾರ್ಯವಲ್ಲ. ಅನುಮಾನವಿದ್ದರೆ ತಪಾಸಣೆಯನ್ನು ಮುಂದೂಡಬೇಡಿ. ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನು ಕೇಳಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರಿಣತರಿದ್ದಾರೆ.

ಮತ್ತೆ ಗೇರುಸೊಪ್ಪಕ್ಕೆ ಬರೋಣ. ರಾಣಿಯ ಹೆಸರಿರುವ ಪುಟ ತಪ್ಪಲ್ಲ, ಅದೂ ಬೇಕು. ಆದರೆ ಆ ಬಸದಿಯನ್ನು ನೋಡಿ ಬಂದ ನಾವೆಲ್ಲ ‘ನಾಲ್ಕು ಬಾಗಿಲಿವೆ’ ಎಂದು ಹೇಳಿ ಮುಂದೆ ಹೋದೆವು. ಅದರ ಬೆನ್ನು ಎಲ್ಲಿದೆ ಎಂದು ಕೇಳುವ ಮಗುವಿನ ಪುಟದ ಮೇಲೆ ಕೆಂಪು ಗೆರೆ ಎಳೆಯುವ ಮೊದಲು ಒಂದು ಸಲ ಆ ಪ್ರಶ್ನೆಗೆ ಉತ್ತರ ಹುಡುಕಿ ನೋಡಿ.